ಕೆಳಗಿನ ಮನೆಯ ಅಬ್ಬಕ್ಕ

ಅಬ್ಬಕ್ಕನ ಫೋಟೋಕ್ಕೆ ಹಾರ ಹಾಕುವಾಗ ನಮ್ಮ ಸಂಘದ ಗಂಡಸರ ಮುಖ ನೋಡಬೇಕು. ಉಳ್ಳಾಲದ ಕೋಟೆಯನ್ನು ತಾವೇ ನಿಂತು ಕಾದ ಹಾಗೆ ಎದೆ ಉಬ್ಬಿರುತ್ತದೆ. ಪರಂಗಿಯವರ ಹಡಗಿಗೆ ಬೆಂಕಿ ಇಟ್ಟವಳು ನಮ್ಮ ತುಳುನಾಡಿನ ಹೆಣ್ಣುಮಗಳು ಎಂದು ಮೈಕಿನ ಮುಂದೆ ಗಂಟಲು ಹರಿದುಕೊಳ್ಳುತ್ತಾರೆ. ಸತ್ತು ಶತಮಾನಗಳಾದವಳನ್ನು ಹೊಗಳುವುದಕ್ಕೆ ಏನು ಕಷ್ಟ? ಅವಳು ಎದ್ದು ಬಂದು ಯಾರನ್ನೂ ಪ್ರಶ್ನೆ ಕೇಳುವುದಿಲ್ಲ. ಕೇಳುವವಳು ಡೊಂಬಿವಲಿಯಲ್ಲಿ ಒಬ್ಬಳಿದ್ದಾಳೆ, ಜಯಲತಾ. ಅವಳನ್ನು ಈ ಸಂಘ ಆರು ವರ್ಷದಿಂದ ತಾನಾಗಿ ಯಾವ ಕಾರ್ಯಕ್ರಮಕ್ಕೂ ಕರೆದಿಲ್ಲ. ಹೊಟ್ಟೆ ಉರಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ರಮಾಮಣಿ. ಉಡುಪಿಯಲ್ಲಿ ಹುಟ್ಟಿ, ಮದುವೆಯಾಗಿ ಠಾಣೆಯ ನೌಪಾಡಾಕ್ಕೆ ಬಂದವಳು. ಇಲ್ಲಿ ನಮ್ಮ ಕರಾವಳಿಯವರು ಕಟ್ಟಿಕೊಂಡ ಸಂಘದ ಮಹಿಳಾ ತಾಳಮದ್ದಳೆ ತಂಡದಲ್ಲಿ ಭಾಗವತಿಕೆ ನನ್ನದಾಗಿತ್ತು. ತಾಳಮದ್ದಳೆ ನೋಡದವರಿಗಾಗಿ ಒಂದು ಮಾತು ಹೇಳಿಬಿಡುತ್ತೇನೆ. ಇದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಪಾತ್ರಧಾರಿಗಳು ಎದುರುಬದುರು ಕೂತು ಅದಕ್ಕೆ ಅರ್ಥ ಹೇಳುತ್ತಾರೆ. ಬರೆದುಕೊಟ್ಟ ಮಾತು ಇರುವುದಿಲ್ಲ, ಆ ಹೊತ್ತಿಗೆ ಹೊಳೆದದ್ದೇ ಮಾತು. ಎದುರಿನವರು ಎಂಥ ಪ್ರಶ್ನೆ ಎಸೆದರೂ ಪಾತ್ರದ ಒಳಗೇ ಇದ್ದು ಉತ್ತರ ಕೊಡಬೇಕು, ನಡುವೆ ಎದ್ದು ಹೋಗುವ ಹಾಗಿಲ್ಲ. ವಾದವನ್ನು ನಿಲ್ಲಿಸುವ ಅಧಿಕಾರ ಇರುವುದು ಭಾಗವತರಿಗೆ ಮಾತ್ರ. ತಾಳ ತಟ್ಟಿ ಮುಂದಿನ ಪದ ಎತ್ತಿದರೆ ಎಂಥ ಘಟಾನುಘಟಿಯೂ ಬಾಯಿ ಮುಚ್ಚಲೇಬೇಕು.

ಜಯಲತಾ ಉಳ್ಳಾಲದ ಪಕ್ಕದ ಸೋಮೇಶ್ವರದವಳು. ಚಿಕ್ಕಂದಿನಲ್ಲಿ ದೇವಸ್ಥಾನದ ಚಾವಡಿಯ ಕಂಬದ ಹಿಂದೆ ಕೂತು ಗಂಡಸರ ತಾಳಮದ್ದಳೆ ಕೇಳಿ ಕೇಳಿ ಮಾತು ಕಲಿತಳಂತೆ. ಮದುವೆಯಾಗಿ ಬಂದದ್ದು ಡೊಂಬಿವಲಿ ಪೂರ್ವದ ಒಂದು ಹಳೆಯ ಕಟ್ಟಡದ ನೆಲಮಹಡಿಗೆ. ಗಂಡ ನೌಪಾಡಾದ ಹೋಟೆಲೊಂದರಲ್ಲಿ ಮ್ಯಾನೇಜರ್. ಒಂದು ದಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಹಾಗೆಯೇ ಎದೆ ಹಿಡಿದುಕೊಂಡು ಹೋಗಿಬಿಟ್ಟರು. ಜಯಲತಾ ಅತ್ತದ್ದು ಸ್ವಲ್ಪ ದಿನ. ಆಮೇಲೆ ದೊಡ್ಡ ಗ್ರೈಂಡರ್ ತಂದು ಇಡ್ಲಿ, ದೋಸೆ ಹಿಟ್ಟು ಮಾರಲು ಶುರು ಮಾಡಿದಳು. ಮಗಳು ಮಾನಸಿಯನ್ನು ಓದಿಸಿದ್ದು ಆ ಹಿಟ್ಟು. ಅದೇ ಕೈಯಲ್ಲಿ ಭಾನುವಾರ ಅಭ್ಯಾಸಕ್ಕೆ ಬರುತ್ತಿದ್ದಳು, ಉಗುರಿನ ಸಂದಿಯಲ್ಲಿ ಒಣಗಿದ ಹಿಟ್ಟು ಇರುತ್ತಿತ್ತು.

ಹೆಂಗಸರು ತಂಡ ಕಟ್ಟಿದಾಗ ಸಂಘದವರು ನಕ್ಕಿದ್ದರು. ಹೆಂಗಸರು ಅರ್ಥಕ್ಕೆ ಕೂತರೆ ಪ್ರಸಂಗ ಮುಗಿಯುವುದುಂಟಾ ಎಂದು ಚಾ ಕುಡಿಯುತ್ತಾ ಗೇಲಿ ಮಾಡಿದ್ದರು. ಜಯಲತಾ ಮೊದಲ ಸಲ ಅಬ್ಬಕ್ಕನಾಗಿ ಕೂತ ದಿನ ಆ ನಗು ನಿಂತಿತು. ಗಂಡ ಬಂಗರಸ ಶತ್ರುಗಳ ಕಡೆ ವಾಲಿದಾಗ ಅಬ್ಬಕ್ಕ ಅವನು ಕೊಟ್ಟ ಒಡವೆಗಳನ್ನು ಹಿಂದಕ್ಕೆ ಕಳಿಸುವ ಕಥೆಯಿದೆಯಲ್ಲ, ಆ ಸಂದರ್ಭಕ್ಕೆ ಅವಳು ಅರ್ಥ ಹೇಳುವಾಗ ನಕ್ಕವರೇ ಕುರ್ಚಿ ಮುಂದಕ್ಕೆ ಎಳೆದು ಕೂತರು. ಅಂದಿನಿಂದ ವರ್ಷವರ್ಷವೂ ಆ ಪಾತ್ರ ಅವಳದೇ. ಅಧ್ಯಕ್ಷ ಭುಜಂಗಣ್ಣ ಶಾಲು ಹೊದಿಸಿ 'ನಮ್ಮ ಡೊಂಬಿವಲಿಯ ಅಬ್ಬಕ್ಕ' ಎಂದು ಕರೆಯುತ್ತಿದ್ದರು. ಕರೆಯುವುದು ಸುಲಭ ನೋಡಿ.

ಎರಡು ಸಾವಿರದ ಹನ್ನೊಂದರಲ್ಲಿ ಅವಳ ಕಟ್ಟಡದ ಮೇಲೆ ಬಿಲ್ಡರನೊಬ್ಬನ ಕಣ್ಣು ಬಿತ್ತು. ಹಳೆಯದನ್ನು ಕೆಡವಿ ಟವರ್ ಕಟ್ಟುವ ಮಾತು. ಮೇಲಿನ ಮಹಡಿಯವರೆಲ್ಲ ಹೌಸಿಂಗ್ ಸೊಸೈಟಿಯ ಮೆಂಬರ್‌ಗಳು, ಅವರಿಗೆ ಹೊಸ ಫ್ಲ್ಯಾಟ್ ಸಿಗುತ್ತದೆ. ಕೆಳಗಿನ ಐದು ಮನೆಯವರು ಹಳೆಯ ಪಗಡಿಯವರು, ಎಂದರೆ ಒಮ್ಮೆ ದೊಡ್ಡ ಮೊತ್ತ ಕೊಟ್ಟು ಸೊಸೈಟಿ ಹುಟ್ಟುವ ಮುಂಚಿನಿಂದ ಬಾಡಿಗೆಗೆ ಇದ್ದವರು. ಅವರಿಗೆ ಏನು ಎಂದರೆ ಏನೂ ಇಲ್ಲ. ಬಿಲ್ಡರನ ಜನ ಟೇಪು ಹಿಡಿದು ಅಳೆಯಲು ಬಂದವರು, ದೀಪಾವಳಿಯೊಳಗೆ ಸಾಮಾನು ಎತ್ತಿಕೊಳ್ಳಿ ಎಂದು ಜಯಲತಾಳ ಹೊಸ್ತಿಲಲ್ಲೇ ನಿಂತು ಹೇಳಿಹೋದರು.

ಈ ಒಪ್ಪಂದ ಕುದುರಿಸಿದವರು ಸೊಸೈಟಿಯ ಸೆಕ್ರೆಟರಿ ಸಂಕರ್ಷಣ ರಾವ್. ಅದೇ ಕಟ್ಟಡದ ಮೂರನೆಯ ಮಹಡಿಯವರು, ನಮ್ಮ ಸಂಘದ ಕಾರ್ಯದರ್ಶಿಯೂ ಹೌದು. ಅರ್ಥಧಾರಿ ಎಂದರೆ ಅರ್ಥಧಾರಿ. ಮಾತಿನಲ್ಲಿ ಇವರನ್ನು ಸೋಲಿಸಿದವರಿಲ್ಲ ಎಂದು ಕಲ್ಯಾಣದಿಂದ ಬೇಲಾಪುರದವರೆಗೆ ಹೆಸರು, ಆ ಹೆಸರು ತಲೆಗೂ ಏರಿತ್ತು. ಮೇಲಿನವರು ಕೇಳಿದಾಗ, ಕೆಳಗಿನವರಿಗೆ ಭಿವಂಡಿ ರಸ್ತೆಯಲ್ಲಿ ಬೇರೆ ಮನೆ ಗೊತ್ತಾಗಿದೆ ಎಂದು ಹಸಿ ಸುಳ್ಳು ಹೇಳಿ ಅವರ ಬಾಯಿ ಮುಚ್ಚಿಸಿದ್ದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಐದು ಸಂಸಾರವನ್ನು ತೆಗೆಯುವುದು ಅವರ ಲೆಕ್ಕ.

ಜಯಲತಾ ಸೊಸೈಟಿ ಮೀಟಿಂಗಿಗೆ ಹೋದಳು. ನೀವು ಮೆಂಬರ್ ಅಲ್ಲ ಎಂದು ಬಾಗಿಲಲ್ಲೇ ತಡೆದರು. ಸಂಕರ್ಷಣರ ಮನೆಗೇ ಹೋದಳು. ಅವರು ಉಯ್ಯಾಲೆಯಲ್ಲಿ ಕೂತೇ ಮಾತಾಡಿಸಿದರಂತೆ.

"ಜಯಲತಾ, ಅಬ್ಬಕ್ಕ ಸ್ಟೇಜಿನಲ್ಲಿ ಮಾತ್ರ ಆಯ್ತಾ? ಇಲ್ಲಿ ಹಿಟ್ಟು ರುಬ್ಬಿಕೊಂಡು ಸುಮ್ಮನಿರು."

ಇದನ್ನು ಅವಳು ನನಗೆ ಹೇಳಿದ ಕೂಡಲೇ ಭುಜಂಗಣ್ಣನಿಗೆ ಫೋನ್ ಮಾಡಿದೆ. ಸಂಘದಲ್ಲಿ ಸೊಸೈಟಿ ರಾಜಕೀಯ ತರಬೇಡಿ ಎಂದು ಅವರು ಜಾರಿಕೊಂಡರು. ಮಾನಸಿಗೂ ಹೆದರಿಕೆ. ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಅಮ್ಮ ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ. "ಆಯೀ, ಕಶಾಲಾ ಭಾಂಡತೇಸ್?" ಎಂದಳು, ಯಾಕಮ್ಮಾ ಜಗಳ ಎಂದು. ಜಗಳವಾಡದಿದ್ದರೆ ನಾಳೆ ಎಲ್ಲಿ ಮಲಗುತ್ತೀ ಎಂದು ಜಯಲತಾ ತಿರುಗಿ ಕೇಳಿದಳು.

ಆ ವರ್ಷದ ವಾರ್ಷಿಕೋತ್ಸವಕ್ಕೆ ಮತ್ತೆ ಅಬ್ಬಕ್ಕನ ಪ್ರಸಂಗವೇ ಗೊತ್ತಾಯಿತು. ಹೆಂಗಸರ ತಂಡದ್ದಾದರೂ ಬಂಗರಸನ ಪಾತ್ರ ತನಗೇ ಬೇಕೆಂದು ಸಂಕರ್ಷಣರು ಹಟ ಹಿಡಿದರು. ಮುಖ್ಯ ಅತಿಥಿಗಳ ಎದುರು ಮೆರೆಯುವ ಆಸೆ. ಜಯಲತಾ ತಲೆಯಾಡಿಸಿ ಒಪ್ಪಿದಳು. ಮನೆಗೆ ಹೋಗಿ ಕೆಳಗಿನ ಐದೂ ಮನೆಯವರನ್ನು, ಮೇಲಿನ ಮಹಡಿಯವರನ್ನು ಒಬ್ಬೊಬ್ಬರನ್ನಾಗಿ ಕಾರ್ಯಕ್ರಮಕ್ಕೆ ಕರೆದಳು. ಸಂಕರ್ಷಣರ ಪಾತ್ರ ಉಂಟು, ಬನ್ನಿ ಎಂದಳು. ಮೇಲಿನವರು ಖುಷಿಯಿಂದಲೇ ಬಂದರು.

ಭಾನುವಾರ ಮಧ್ಯಾಹ್ನ, ಸಭಾಂಗಣ ತುಂಬಿತ್ತು. ಬಂಗರಸ ಬಂದು ಪರಂಗಿಯವರ ಜೊತೆ ರಾಜಿಯಾಗು ಎಂದು ಅಬ್ಬಕ್ಕನಿಗೆ ಬುದ್ಧಿ ಹೇಳುವ ಸಂದರ್ಭ. ನಾನು ಪದ ಹಾಡಿ ನಿಲ್ಲಿಸಿದೆ. ಸಂಕರ್ಷಣರು ಸೊಗಸಾಗಿ ಮಾತಾಡಿದರು, ಚಪ್ಪಾಳೆಯೂ ಬಿತ್ತು. ಜಯಲತಾ ಸೆರಗು ಸರಿಮಾಡಿಕೊಂಡಳು.

"ಅರಸರೇ, ಶತ್ರುವಿನ ಜೊತೆ ಒಪ್ಪಂದ ಆಯಿತಂತೆ. ಮೇಲಿನ ಮಾಳಿಗೆಯವರಿಗೆಲ್ಲ ಜಾಗ ಬರೆಸಿಕೊಂಡಿರಂತೆ. ಕೆಳಗಿನ ಐದು ಮನೆಯವರಿಗೆ ಎಲ್ಲಿ ಬರೆಸಿದಿರಿ?"

ಸಂಕರ್ಷಣರು ರಾಜತಂತ್ರ ಹೆಂಗಸರಿಗೆ ತಿಳಿಯುವಂಥದ್ದಲ್ಲ ಎಂದು ನಗಿಸಲು ನೋಡಿದರು. ತಿಳಿಯದ್ದಕ್ಕೇ ಕೇಳುತ್ತಿದ್ದೇನೆ, ಎಲ್ಲಿ ಎಂದಳು. ಪ್ರಜೆಗಳ ಒಳಿತು, ಕಾಲದ ಗತಿ ಎಂದು ಅವರು ಸುತ್ತಿ ಬಳಸಿದರು. ಅವಳು ಮತ್ತೆ ಅದನ್ನೇ ಕೇಳಿದಳು. ಮೇಲಿನ ಮಹಡಿಯವರು ಪಿಸುಪಿಸು ಶುರು ಮಾಡಿದರು. ಮುಂದಿನ ಸಾಲಿನಲ್ಲಿದ್ದ ಭುಜಂಗಣ್ಣನಿಗೆ ವಿಷಯ ಹೊಳೆಯಿತು. ಪದ ಎತ್ತಿ ಎಂದು ನನಗೆ ಕೈಸನ್ನೆ ಮಾಡಿದರು. ನಾನು ನೋಡದ ಹಾಗೆ ಕೂತೆ. ಅವರು ಎದ್ದು ವೇದಿಕೆಯ ಅಂಚಿಗೇ ಬಂದು ಹಲ್ಲು ಕಚ್ಚಿ ಅದನ್ನೇ ಹೇಳಿದರು. ಜಯಲತಾ ನನ್ನ ಕಡೆ ತಿರುಗಿ ತುಳುವಿನಲ್ಲಿ "ಅಕ್ಕಾ, ಒಂತೆ ಉಂತ್ಲೆ" ಎಂದಳು, ಸ್ವಲ್ಪ ತಾಳಿ ಎಂದು.

ಸ್ವಲ್ಪ ಏಕೆ? ನಾನು ತಾಳವನ್ನು ಕೆಳಗಿಟ್ಟೇಬಿಟ್ಟೆ. ಮೈಕಿನಲ್ಲಿ ಅದರ ಸದ್ದು ಎಲ್ಲರಿಗೂ ಕೇಳಿತು.

"ಅರ್ಥ ಇನ್ನೂ ಮುಗಿಯಲಿಲ್ಲ ಭುಜಂಗಣ್ಣ. ಹೋಗಿ ಕೂತುಕೊಳ್ಳಿ."

ಈಗ ಸಂಕರ್ಷಣರಿಗೆ ಪಾರಾಗಲು ದಾರಿ ಇರಲಿಲ್ಲ. ಸುಮ್ಮನಾಗಿದ್ದರೆ ಬಚಾವಾಗುತ್ತಿದ್ದರೋ ಏನೋ. ಆದರೆ ಸಭೆಯಲ್ಲಿ ಉತ್ತರವಿಲ್ಲದೆ ಕೂರುವುದು ಅವರ ಜನ್ಮದಲ್ಲಿ ಇಲ್ಲ. ಗೆಲ್ಲಲೇಬೇಕೆಂಬ ಚಟ ನಾಲಿಗೆಯನ್ನು ಎಳೆಯಿತು.

"ರಾಣೀ, ಹಳೆಯದನ್ನು ಕೆಡವಿ ಹೊಸ ಅರಮನೆ ಕಟ್ಟುವಾಗ ಬುಡದ ಕಲ್ಲಿಗೆ ಯಾರಾದರೂ ಜಾಗ ಬರೆಸುತ್ತಾರೆಯೇ? ಅದಕ್ಕೆಂಥ ಹಕ್ಕು? ಎತ್ತಿ ಆಚೆಗೆ ಎಸೆಯುತ್ತಾರೆ, ಅಷ್ಟೆ."

ಹೇಳಿ, ಅಭ್ಯಾಸದಂತೆ ಚಪ್ಪಾಳೆಗಾಗಿ ಸಭೆಯ ಕಡೆ ನೋಡಿದರು. ಒಬ್ಬರೂ ತಟ್ಟಲಿಲ್ಲ. ಹಿಂದಿನ ಸಾಲಿನಲ್ಲಿ ಸಾಬವ್ವ ಎದ್ದು ನಿಂತಳು. ವಿಜಯಪುರದ ಕಡೆಯ ಮುದುಕಿ, ಜಯಲತಾಳ ಪಕ್ಕದ ಮನೆಯವಳು, ಸಂಕರ್ಷಣರ ಮನೆಯಲ್ಲೇ ಕೆಲಸಕ್ಕಿದ್ದವಳು.

"ಸಾಹೇಬ್ರ, ಆ ಕಲ್ಲು ಅಂದ್ರ ನಾವs ಏನ್ರೀ? ಮುಂಜಾನಿ ನಿಮ್ಮನಿ ಭಾಂಡೆ ತಿಕ್ಕಿ ಬಂದೀನಿ."

ಈಗ ಸಂಕರ್ಷಣರೇ ನನ್ನ ಕಡೆ ತಿರುಗಿ, ಪದ ಎತ್ತಿ ಎಂದು ಕೈಸನ್ನೆ ಮಾಡಿದರು. ಜಯಲತಾ ಹೆಗಲಿನಲ್ಲಿದ್ದ ಸಂಘದ ಶಾಲನ್ನು ತೆಗೆದು ಮಡಿಸಿದಳು. ಒಡವೆ ಹಿಂದಕ್ಕೆ ಕೊಡುವ ಸಂದರ್ಭ ಅದೇ ಆಗಿತ್ತು. ನೀವು ಕೊಟ್ಟದ್ದು ನಿಮಗೇ ಇರಲಿ ಅರಸರೇ ಎಂದು ಅವರ ಮುಂದಿಟ್ಟಳು. ಆಗ ನಾನು ತಾಳ ಎತ್ತಿಕೊಂಡು ಮಂಗಳ ಹಾಡಿದೆ.

ಆ ಸಂಜೆಯೇ ಮೇಲಿನ ಮಹಡಿಯವರು ಕೆಳಗಿಳಿದು ಬಂದು ಮನೆಮನೆಯಲ್ಲಿ ವಿಚಾರಿಸಿದರು. ಭಿವಂಡಿ ರಸ್ತೆಯ ಮನೆ ಎಂಬುದೇ ಇಲ್ಲ ಎಂದು ಗೊತ್ತಾಯಿತು. ಕೆಳಗಿನ ಐದೂ ಮನೆ ಸೇರದೆ ಕೊನೆಯ ಸಹಿ ಹಾಕುವುದಿಲ್ಲ ಎಂದು ಪಟ್ಟು ಹಿಡಿದರು. ಬಿಲ್ಡರ್ ಕುಣಿದಾಡಿ ಕೊನೆಗೆ ಒಪ್ಪಿದ. ಈಗ ಹೊಸ ಕಟ್ಟಡದ ಎರಡನೆಯ ಮಹಡಿಯಲ್ಲಿ ಜಯಲತಾಳ ಗ್ರೈಂಡರ್ ತಿರುಗುತ್ತಿದೆ, ಪಕ್ಕದಲ್ಲಿ ಸಾಬವ್ವ. ಗೃಹಪ್ರವೇಶದ ದಿನ ಹಾರ ಹಾಕಿಸಿಕೊಂಡವರು ಯಾರು? ಸಂಕರ್ಷಣ ರಾವ್, ಅವಿರತ ಶ್ರಮಕ್ಕಾಗಿ. ನಾಚಿಕೆ ಎಂಬುದು ಆ ಕಡೆ ಹಾದುಹೋಗಿಲ್ಲ.

ಸಂಘದವರ ತಕರಾರು ಬೇರೆ. ಜಯಲತಾ ಕಲೆಯನ್ನು ಮನೆಜಗಳಕ್ಕೆ ಬಳಸಿದಳಂತೆ, ವೇದಿಕೆಯ ಪಾವಿತ್ರ್ಯ ಕೆಡಿಸಿದಳಂತೆ. ಐದು ಸಂಸಾರವನ್ನು ಬೀದಿಗೆ ಹಾಕಲು ಹೊರಟಾಗ ಕೆಡದ ಪಾವಿತ್ರ್ಯ ಪ್ರಶ್ನೆ ಕೇಳಿದಾಗ ಕೆಟ್ಟಿತು. ಅವಳನ್ನು ಬಿಟ್ಟರು, ನಾನೂ ಹಾಡುವುದನ್ನು ಬಿಟ್ಟೆ, ಹೆಂಗಸರ ತಂಡ ಅಲ್ಲಿಗೇ ನಿಂತಿತು.

ಈ ವರ್ಷ ಸಂಘಕ್ಕೆ ಇಪ್ಪತ್ತೈದು ತುಂಬುತ್ತದೆ. ಊರಿನಿಂದ ಅತಿಥಿಗಳು ಬರುತ್ತಾರೆ, ಅಬ್ಬಕ್ಕನ ಪ್ರಸಂಗವೇ ಆಗಬೇಕಂತೆ. ಭುಜಂಗಣ್ಣ ಹಲ್ಲು ಕಿರಿದುಕೊಂಡು ಮನೆಗೆ ಬಂದರು. ಜಯಲತಾ ಕೂರುವುದಾದರೆ ಹಾಡುತ್ತೇನೆ, ಇಲ್ಲದಿದ್ದರೆ ಬೇರೆಯವರನ್ನು ನೋಡಿ ಎಂದೆ. ತಲೆ ಕೆರೆದುಕೊಂಡು ಹೋದವರು ಮರುವಾರ ಬಂದು ಒಪ್ಪಿದರು. ಜಯಲತಾಳೂ ಒಪ್ಪಿದ್ದಾಳೆ.

ಆದರೂ ಪ್ರಸಂಗದ ದಿನ ಗೊತ್ತಾಗಿಲ್ಲ. ಸಂಕರ್ಷಣರಿಗೆ ಮಂಡಿನೋವು. ಇನ್ನೊಬ್ಬರಿಗೆ ಗಂಟಲು ಕೆಟ್ಟಿದೆ, ಮತ್ತೊಬ್ಬರಿಗೆ ಯಾವ ದಿನ ಹೇಳಿದರೂ ಮದುವೆಗೆ ಹೋಗಲಿಕ್ಕಿದೆಯಂತೆ. ನಿನ್ನೆ ಭುಜಂಗಣ್ಣ ಮತ್ತೆ ಫೋನ್ ಮಾಡಿ, ಬೇರೆ ಪ್ರಸಂಗ ಇಟ್ಟುಕೊಳ್ಳೋಣವಾ ಎಂದು ಕೇಳಿದರು. ಇಷ್ಟು ದೊಡ್ಡ ಸಂಘದಲ್ಲಿ ಜಯಲತಾಳ ಎದುರು ಬಂಗರಸನಾಗಿ ಕೂರಲು ಒಬ್ಬ ಗಂಡಸು ಸಿಗುತ್ತಿಲ್ಲ.