ಎಡಗಡೆ ತಟ್ಟಿದ ಕೈ

ದನಿ ಕಟ್ಟಿತ್ತೆಂದು ಕಳೆದ ವಾರ ಹೊಸೂರಿನ ಆಸ್ಪತ್ರೆಗೆ ಹೋಗಿದ್ದೆ. ಮೂಗಿಗೆ ಕ್ಯಾಮೆರಾ ಕೊಳವೆ ಇಳಿಸುವ ಮುಂಚೆ ಅದನ್ನು ಯಾವುದೋ ಔಷಧಿ ನೀರಿನಲ್ಲಿ ಅದ್ದಿ ತೆಗೆದರು. ಆ ಘಾಟು ಬಡಿದಿದ್ದೇ ತಡ, ಡಾಕ್ಟ್ರು ನೆನಪಾದರು... ನಮ್ಮ ಕುದುರೆ ಡಾಕ್ಟ್ರು.

ಎರಡು ಸಾವಿರದ ಐದೋ ಆರೋ ಇರಬೇಕು. ಉದ್ದನಪಲ್ಲಿ ರಸ್ತೆಯ ಕುದುರೆ ಫಾರ್ಮಿನಲ್ಲಿ ರೇಸಿನ ಮರಿಗಳನ್ನು ಸಾಕುವುದು ನನ್ನ ಕೆಲಸ. ಹರಾಜಿಗೆ ಬಿಡುವ ಮುಂಚೆ ಡಾಕ್ಟ್ರು ಬಂದು ಒಂದೊಂದರ ಗಂಟಲನ್ನೂ ನೋಡಬೇಕಿತ್ತು. ನಾನು ಮರಿಯ ಮೇಲ್ದುಟಿಗೆ ಹಗ್ಗದ ಕುಣಿಕೆ ಬಿಗಿದು, ಅಲುಗಾಡದಂತೆ ಹಿಡಿಯುತ್ತಿದ್ದೆ. ಅವರು ಇದೇ ಘಾಟಿನ ನೀರಿನಲ್ಲಿ ಅದ್ದಿದ ಕೊಳವೆಯನ್ನು ಅದರ ಮೂಗಿನೊಳಗೆ ಇಳಿಸಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಉಸಿರೆಳೆದಾಗ ಗಂಟಲಿನ ಎರಡೂ ಬಾಗಿಲು ಸಮನಾಗಿ ತೆರೆದರೆ ಮರಿ ಪಾಸು. ಎಡಗಡೆಯದು ಸೋಮಾರಿಯಾದರೆ ಓಡುವಾಗ ಉಸಿರು ಸಾಲದೆ ಗೊರಗೊರ ಸದ್ದು ಬರುತ್ತದೆ. ಸದ್ದಿನ ಕುದುರೆಯನ್ನು ರೇಸಿನವರು ಮೂಸಿಯೂ ನೋಡುವುದಿಲ್ಲ.

ಏನು ಕಂಡಿತೆಂದು ಡಾಕ್ಟ್ರು ಸಾಕಿದವರ ಮುಂದೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಚೆನ್ನಾಗಿದ್ದರೆ ಮರಿಯ ಕತ್ತಿನ ಬಲಗಡೆ ತಟ್ಟುತ್ತಿದ್ದರು, ಇಲ್ಲವಾದರೆ ಎಡಗಡೆ. ಅವರು ಕೈ ಎತ್ತಿದರೆ ನಮ್ಮ ಜೀವ ಬಾಯಿಗೆ ಬರುತ್ತಿತ್ತು.

ಹುಟ್ಟಿದ ದಿನದಿಂದ ನನ್ನ ಕೈಯಲ್ಲೇ ಬೆಳೆದ ಕೆಂಚು ಮರಿಯೊಂದಿತ್ತು. ಅದರ ಎಡಗಡೆ ತಟ್ಟಿಬಿಟ್ಟರು.

"ಇನ್ನೊಂದ್ಸಲ ನೋಡಿ ಸಾರ್," ಅಂದೆ.

ನೋಡಿದರು. ಮತ್ತೆ ಎಡಗಡೆಯೇ. "ಎಡಗಡೆ ನರ ಎದೆಗಂಟ ಇಳ್ದು, ತಿರ್ಗಾ ಗಂಟ್ಲಿಗೆ ಬತ್ತದೆ ಕಣಯ್ಯ. ದಾರಿ ಉದ್ದ... ನಡುವೆ ಎಲ್ಲಾದ್ರೂ ಸೋತೋಯ್ತದೆ. ನಾನೇನ್ಮಾಡ್ಲಿ?"

ಹರಾಜಿನಲ್ಲಿ ಅದನ್ನು ಯಾರೂ ಕೇಳಲಿಲ್ಲ. ಕೊನೆಗೆ ಒಂದು ಲಾರಿ ಬಂತು, ಹತ್ತಿಸಿಕೊಂಡು ಜೂಜುವಾಡಿ ಕಡೆಗೆ ಹೋಯಿತು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಡಾಕ್ಟ್ರ ಮುಂದೆ ಬಹಳ ದಿನ ಮುಖ ಗಂಟು ಹಾಕಿಕೊಂಡೇ ಓಡಾಡಿದೆ.

ಮುಂದಿನ ಹರಾಜಿನ ಹೊತ್ತಿಗೆ ಅವರ ದನಿ ಒಡೆದಿತ್ತು. ಶೀತ ಅಂದರು. "ಡಾಕ್ಟ್ರಿಗೇ ಸದ್ದು ಬಂದೈತೆ ಕಣ್ಲಾ" ಎಂದು ಲಾಯದವರೊಬ್ಬರು ತಮಾಷೆ ಮಾಡಿದ್ದು ಅವರ ಕಿವಿಗೂ ಬಿತ್ತು, ನಕ್ಕರು. ಬೀಡಿ ಸಿಗರೇಟು ಮುಟ್ಟದ ಮನುಷ್ಯ... ಮಳೆಗಾಲ ಮುಗಿಯುವಷ್ಟರಲ್ಲಿ ಹಾಸಿಗೆ ಹಿಡಿದರು. ಎಳನೀರು ಹಿಡಿದು ಮನೆಗೆ ಹೋದೆ.

"ಎದೇಲಿ ಗಡ್ಡೆ ಅಂತೆ ಕಣಪ್ಪ, ನರ ಅಮುಕ್ತಾ ಐತಂತೆ," ಎಂದು ಅವರ ಹೆಂಡತಿ ಬಾಗಿಲಲ್ಲೇ ಹೇಳಿದರು.

ಡಾಕ್ಟ್ರು ದಿಂಬಿಗೆ ಒರಗಿದ್ದರು. ಮಾತಾಡಲು ನೋಡಿದರು, ಬರೀ ಗಾಳಿ ಬಂತು. ಕೈ ಎತ್ತಿ ತಮ್ಮ ಕತ್ತಿನ ಎಡಗಡೆ ಮೆಲ್ಲಗೆ ತಟ್ಟಿಕೊಂಡರು.

"ಇನ್ನೊಂದ್ಸಲ ನೋಡ್ಸಿ ಸಾರ್," ಅಂದೆ.

ಮತ್ತೆ ಅಲ್ಲೇ ತಟ್ಟಿಕೊಂಡರು. ದೀಪಾವಳಿಗೆ ಮುಂಚೆಯೇ ಹೋಗಿಬಿಟ್ಟರು.

ಕಳೆದ ವಾರ ಆಸ್ಪತ್ರೆಯ ಎಳೆ ವಯಸ್ಸಿನ ಡಾಕ್ಟರು ನನ್ನ ಮೂಗಿನಿಂದ ಕೊಳವೆ ಹೊರಗೆಳೆದು, "ಒಣ್ಣುಮಿಲ್ಲೆ ಅಯ್ಯಾ" ಅಂದರು. ಏನೂ ಇಲ್ಲವಂತೆ. ಜೊತೆಗೆ ಬಂದಿದ್ದ ನನ್ನ ಹೆಂಡತಿ ದೇವರಿಗೆ ಕೈ ಮುಗಿದಳು. ನಾನು ಮಾತ್ರ ಡಾಕ್ಟರ ಕೈಯನ್ನೇ ನೋಡುತ್ತ ಕೂತಿದ್ದೆ. ಬಲಗಡೆ ತಟ್ಟಲು ನಮ್ಮ ಡಾಕ್ಟ್ರು ಇರಲಿಲ್ಲ.