ನನ್ನ ಮದುವೆಗೆ ನಾನೇ ಎತ್ತಿದ ತಕರಾರು

ಕಳೆದ ಭಾನುವಾರ ನಿಲಂಗಾದ ನಮ್ಮ ಚರ್ಚಿನಲ್ಲಿ ಒಂದು ಮದುವೆಯ ಪ್ರಕಟಣೆ ಓದಿದರು. ‘ಯಾರಿಗಾದರೂ ಆಕ್ಷೇಪಣೆ ಇದ್ದರೆ ಈಗಲೇ ಹೇಳಬೇಕು’ ಎಂದು ಪಾದ್ರಿಗಳು ಕೇಳಿದ್ದೇ ತಡ, ಇಡೀ ಸಭೆ ಕತ್ತು ಹೊರಳಿಸಿ ನನ್ನನ್ನು ನೋಡಿತು! ಇಷ್ಟು ವರ್ಷವಾದರೂ ಈ ಜನ ಮರೆತಿಲ್ಲ ನೋಡಿ.

ನಮ್ಮಲ್ಲಿ ಮದುವೆಗೆ ಮೊದಲು ಮೂರು ಭಾನುವಾರ ಗಂಡು ಹೆಣ್ಣಿನ ಹೆಸರು ಓದಿ ಹೀಗೆ ಕೇಳುವುದು ಪದ್ಧತಿ. ಯಾರೂ ಬಾಯಿ ಬಿಡುವುದಿಲ್ಲ. ಅಷ್ಟು ಹೊತ್ತಿಗೆ ಎಲ್ಲರಿಗೂ ಹೊಟ್ಟೆ ಹಸಿದಿರುತ್ತದೆ.

ನಮ್ಮ ಭಾಗದಲ್ಲಿ ಆ ದೊಡ್ಡ ಭೂಕಂಪವಾದ ಮರುವರ್ಷದ ಮಾತು. ನಾನು ಬಸ್‌ಸ್ಟ್ಯಾಂಡ್ ಎದುರಿನ ಬಟ್ಟೆ ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸುವ ಕೆಲಸದಲ್ಲಿದ್ದೆ. ಮಾರ್ಥಾಳ ಮನೆಯವರು ಮಾಕಣಿ ಕಡೆಯವರು. ಕಲ್ಲಿನ ಮನೆ ಕುಸಿದ ಮೇಲೆ ನಿಲಂಗಾಕ್ಕೆ ಬಂದು ಪತ್ರಾದ, ಅಂದರೆ ತಗಡಿನ, ಶೆಡ್ಡಿನಲ್ಲಿ ಇದ್ದರು. ಅವಳೊಂದಿಗೆ ನನ್ನ ಮದುವೆ ನಿಶ್ಚಯವಾಯಿತು. ಅಬ್ಬಾ, ಆಗಿನ ನನ್ನ ಖುಷಿಯೇ! ಗಿರಾಕಿ ಹಸಿರು ಸೀರೆ ಕೇಳಿದರೆ ಕೆಂಪು ಬಿಡಿಸುತ್ತಿದ್ದೆ. ಸಾಹುಕಾರರು ತಲೆ ಚಚ್ಚಿಕೊಳ್ಳುತ್ತಿದ್ದರು.

ಎರಡನೇ ಪ್ರಕಟಣೆಯ ದಿನ ಆಗಿನ ಹಿರಿಯ ಪಾದ್ರಿಗಳು ಪ್ರೀತಿ ಬೇರೆ, ಮೋಹ ಬೇರೆ ಎಂದು ಪ್ರಸಂಗ ಮಾಡಿದರು. “ಮೋಹ ತನಗ ಏನ್ ಬೇಕು ಅಷ್ಟೇ ನೋಡ್ತದ. ಪ್ರೀತಿ ಎದುರಿಗಿದ್ದವ್ರಿಗಿ ಏನ್ ಬೇಕು ಅಂತ ನೋಡ್ತದ. ದೇವರ ಮುಂದ ನಿಲ್ಲೋಕಿಂತ ಮೊದಲ ನಿಮ್ಮ ಎದಿಗಿ ಕೇಳ್ಕೋರಿ.”

ಕೇಳಿಕೊಂಡೆ. ನನ್ನ ಎದೆಯಲ್ಲಿ ಇದ್ದದ್ದು ಒಂದೇ: ಮಾರ್ಥಾಳ ಜಡೆ! ಹೆಂಗಸರ ಸಾಲಿನ ತುದಿಯಲ್ಲಿ ಕೂತು ಅವಳು ಅದನ್ನು ಹೆಗಲ ಮೇಲಿಂದ ಮುಂದಕ್ಕೆ ಇಳಿಬಿಡುತ್ತಿದ್ದಳು. ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದರೆ ನಾನು ಒಂದು ಕಣ್ಣು ತೆರೆದು ಅದನ್ನೇ ನೋಡುತ್ತಿದ್ದೆ. ಆ ವಾರವೆಲ್ಲ ಇದೇ ಯೋಚನೆ. ಒಂದು ಮನೆ ಬಿದ್ದದ್ದು ಸಾಲದೆ, ಬರೀ ಮೋಹದ ಇನ್ನೊಂದು ಮನೆಗೆ ಈ ಹುಡುಗಿಯನ್ನು ಕರೆತರಲೇ?

ಮೂರನೇ ಭಾನುವಾರ ಆಕ್ಷೇಪಣೆ ಕೇಳಿದರು. ಎದ್ದು ನಿಂತೇಬಿಟ್ಟೆ.

“ನಂದು ತಕರಾರು ಅದ ರೀ.”

“ಅಗಬಾಯಿ!” ಎಂದು ನನ್ನ ಅವ್ವ ಬಾಯಿಗೆ ಸೆರಗು ಹಿಡಿದಳು. ಮಾರ್ಥಾಳ ಅಪ್ಪ ಧಡಕ್ಕನೆ ಎದ್ದರು. ಮುಖ ಕೆಂಡ.

“ಯಾರ ಮ್ಯಾಗ?” ಎಂದರು ಪಾದ್ರಿಗಳು, ಕನ್ನಡಕ ತೆಗೆದು.

“ನನ್ನ ಮ್ಯಾಗೇ ರೀ. ಪ್ರಾರ್ಥನಿ ಟೈಮಿನ್ಯಾಗ ನಾ ಆಕಿ ಜಡಿ ನೋಡ್ತೀನಿ. ಇದು ಮೋಹನೇ ಇರಬೇಕು.”

ಯಾರೋ ಕಿಸಕ್ಕೆಂದರು. ಪಾದ್ರಿಗಳು ನಗಲಿಲ್ಲ. “ಜಡಿ ಬಿಟ್ಟು ಆಕಿದು ಮತ್ತೇನ್ ಗೊತ್ತದ ನಿನಗ?”

“ಬಾಗಲಾ ಹಾಕಿದ್ರ ಆಕಿಗಿ ನಿದ್ದಿ ಬರಲ್ಲಂತ ರೀ. ಕಲ್ಲಿನ ಗ್ವಾಡಿ ಕಂಡ್ರ ಒಳಗ ಕಾಲಿಡಲ್ಲಂತ. ಆಕಿ ಅಜ್ಜಿ ಅಂಗಡಿಗಿ ಬಂದಾಗ ಹೇಳ್ಯಾಳ. ಅದಕ್ಕ ನಮ್ಮ ಹಿಂದಿನ ಖೋಲಿ ಕಲ್ಲೆಲ್ಲಾ ಇಳಿಸಿ ಪತ್ರಾ ಹಾಕ್ಲತೀನಿ. ಬಾಗಲಕ್ಕ ಚಿಲಕ ಹಚ್ಚಿಲ್ಲ.”

ಮಾರ್ಥಾಳ ಅಪ್ಪ ಮೆಲ್ಲಗೆ ಕೂತರು.

“ನೀನೂ ಕುಂದರು ಮಗಾ,” ಎಂದರು ಪಾದ್ರಿಗಳು. “ಜಡಿ ಮ್ಯಾಗಿನ ಆಸಿ ದೇವರೇ ಕೊಟ್ಟಿದ್ದು. ಆಕಿನ್ನ ಮರತು ಬರೇ ಜಡಿ ನೋಡಿದ್ರ ಅದು ಮೋಹ. ನೀ ಆಕಿನ್ನ ಮರತಿಲ್ಲ.” ಆಮೇಲೆ ಹೆಂಗಸರ ಸಾಲಿನತ್ತ ತಿರುಗಿದರು. “ಮಾರ್ಥಾ, ನಿಂದೇನವ್ವಾ?”

ಅವಳು ಎದ್ದಳು.

“ಅಂವಾ ನೋಡೋದು ನನಗ ಗೊತ್ತದ ರೀ.”

“ಹ್ಯಾಂಗ ಗೊತ್ತು?”

“ಪ್ರಾರ್ಥನಿ ಟೈಮಿನ್ಯಾಗ ನಾನೂ ಕಣ್ಣ ಮುಚ್ಚಲ್ಲ ರೀ.”

ಆ ನಗುವಿಗೆ ಚರ್ಚಿನ ಪತ್ರಾ ಹಾರಿಹೋಗದೆ ಉಳಿದದ್ದೇ ಹೆಚ್ಚು!

ಇಷ್ಟೆಲ್ಲ ನೆನೆಯುತ್ತಾ ಕಳೆದ ಭಾನುವಾರ ನಾವು ಗಂಡಹೆಂಡತಿ ಮನೆಗೆ ಬಂದೆವು. ದೂಳು ಗಾಳಿ ಎದ್ದಿತ್ತು. ಆ ಹಿಂದಿನ ಕೋಣೆಗೆ ಇವತ್ತಿಗೂ ಚಿಲಕವಿಲ್ಲ. ಎಂಥ ದೂಳು ಬಂದರೂ ಮಾರ್ಥಾ ಅದರ ಬಾಗಿಲು ಮುಚ್ಚಿದವಳಲ್ಲ. ಅವತ್ತು ಮಾತ್ರ, “ಹಾಳಾದ್ದು, ಕಣ್ಣಾಗೆಲ್ಲಾ ಮಣ್ಣು!” ಎಂದು ಗೊಣಗಿ, ತಾನೇ ಕೈಯಾರೆ ಬಾಗಿಲು ಎಳೆದುಕೊಂಡು ಮಲಗಿಬಿಟ್ಟಳು!

ಗಾಳಿಗೆ ತೆರೆದುಕೊಂಡೀತೆಂದು ನಾನು ಹೊರಗೆ ಕುರ್ಚಿ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಮೈಯೆಲ್ಲ ದೂಳಾಯಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅವಳ ಗೊರಕೆ ಕೇಳಿಸಿತು. ನನ್ನದೇನೂ ತಕರಾರಿಲ್ಲ.