ಬೆಟ್ಟದಪುರದಕ್ಕನ ಕೊನೆಯ ಸಾಲು

ಆಗೆಲ್ಲ ಹಾಡು ಅಂದರೆ ಬೇಲಿಯ ಮೇಲಿನ ಹೂವಿದ್ದ ಹಾಗೆ, ಹೋಗುವವರು ಬರುವವರು ಕಿತ್ತುಕೊಳ್ಳುತ್ತಿದ್ದರು, ಯಾರದು ಅಂತ ಯಾರೂ ಕೇಳುತ್ತಿರಲಿಲ್ಲ. ಹೀಗೆ ಬರೆದುಬಿಟ್ಟರೆ ನನಗೆ ಅನುಕೂಲ. ಆದರೆ ಅದು ಸುಳ್ಳು. ನಾನು ಕಿತ್ತುಕೊಂಡ ಹಾಡು ಯಾರದು ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ಇದು ಮೇಲಕ್ಕೆ ಬಂದದ್ದು ಮೊಮ್ಮಗಳು ಸಿಂಚನಳ ಮೊಬೈಲಿನಿಂದ. ಹುಣಸೂರಿನಲ್ಲಿ ಕಾಲೇಜಿಗೆ ಹೋಗುತ್ತಾಳೆ. ಅವಳಿಗೆ ಹಾಡಿನ ಬ್ಲಾಗುಗಳ ಹುಚ್ಚು. ಬ್ಲಾಗು ಅಂದರೆ, ಹಾಡು ಹುಡುಕುವ ಚಟ ಇರುವವರು ತಮಗೆ ಸಿಕ್ಕಿದ್ದನ್ನು ಇಂಟರ್ನೆಟ್ಟಿನಲ್ಲಿ ಬರೆದಿಡುವ ಪುಸ್ತಕವಂತೆ. ಅದರಲ್ಲಿ ಬರುವವರು ಸಿನಿಮಾದವರಲ್ಲ, ಯಾವ ಕಂಪನಿಯವರೂ ಅಲ್ಲ. ತಾವೇ ಬರೆದು, ತಾವೇ ರಾಗ ಹಾಕಿ, ತಮ್ಮ ಕೋಣೆಯಲ್ಲಿ ಕೂತು ಹಾಡುವವರು. ನಾನು ಅವರೆಕಾಯಿ ಬಿಡಿಸುವಾಗ ಪಕ್ಕದಲ್ಲಿ ಕೂತು ಕೇಳಿಸುತ್ತಿದ್ದಳು. ಒಬ್ಬಳಿಗೆ ನೆಗಡಿಯಾದ ದನಿ. ಇನ್ನೊಬ್ಬ ಸತ್ತುಹೋದ ನಾಯಿಯ ಮೇಲೆ ಹಾಡು ಮಾಡಿದ್ದ. ಭಾಷೆ ತಿಳಿಯದಿದ್ದರೂ ಅದು ಚೆನ್ನಾಗಿತ್ತು. ಪ್ರತಿ ಹಾಡಿನ ಕೆಳಗೂ ಯಾರು ಮಾಡಿದ್ದು, ಎಲ್ಲಿ ಕೂತು ಮಾಡಿದ್ದು ಅಂತ ಬರೆದಿರುತ್ತಿತ್ತು.

ಒಂದು ದಿನ ನಾನು ಹೇಳಿಕೊಳ್ಳುತ್ತಿದ್ದ ಹಳೆಯ ಪದವೊಂದನ್ನು ಅವಳು ಮೊಬೈಲಿಗೆ ಹಿಡಿದು, ಬ್ಲಾಗು ಬರೆಯುವ ಯಾವುದೋ ಹುಡುಗಿಗೆ ಕಳಿಸಿದಳು. ಆ ಹುಡುಗಿಗೆ ಹಿಡಿಸಿತಂತೆ. ಹಾಕುತ್ತೇನೆ, ಮಾಡಿದವರು ಯಾರು ಹೇಳಿ ಅಂದಳಂತೆ.

"ಅದ್ನೇನ್ ಕೇಳ್ತಾಳೆ ಅಜ್ಜಿ, ಕೊನೇಲಿ ನಿನ್ ಹೆಸ್ರೇ ಐತಲ್ಲ. ಕಳಿಸ್ಬುಡ್ಲಾ?" ಅಂದಳು ಸಿಂಚನ.

ತಡಿ ಅಂದೆ. ಆ ಹೆಸರು ಅಲ್ಲಿಗೆ ಹೇಗೆ ಬಂತು ಅಂತ ಐವತ್ತು ವರ್ಷದಿಂದ ಯಾರೂ ನನ್ನನ್ನು ಕೇಳಿರಲಿಲ್ಲ.

ಆಗ ನನಗೆ ಹತ್ತು ವರ್ಷ. ಆಷಾಢ ಕಳೆದು ಹೊಗೆಸೊಪ್ಪಿನ ಕಾಲ. ಕಟ್ಟೆಮಳಲವಾಡಿಯಲ್ಲಿ ನಮ್ಮದೊಂದು ಬ್ಯಾರನ್ ಇತ್ತು, ಸೊಪ್ಪು ಬೇಯಿಸುವ ಎತ್ತರದ ಗೋಡೆಯ ಮನೆ. ಹೊಲದಲ್ಲಿ ಮುರಿದ ಸೊಪ್ಪನ್ನು ಗಾಡಿಯಲ್ಲಿ ತಂದು ಅದರ ಮುಂದಿನ ಚಪ್ಪರದಡಿ ಸುರಿಯುತ್ತಿದ್ದರು. ಕೂಲಿ ಹೆಂಗಸರು ಎದುರುಬದುರು ಕೂತು ಉದ್ದದ ಕಡ್ಡಿಗಳಿಗೆ ದಾರದಲ್ಲಿ ಎಲೆ ಕಟ್ಟುತ್ತಿದ್ದರು. ಎರಡೆರಡು ಎಲೆ ಜೋಡಿಸಿ ಅವರ ಕೈಗೆ ಕೊಡುವುದು ಮಕ್ಕಳ ಕೆಲಸ. ಸ್ಕೂಲು ಬಿಟ್ಟು ಬಂದು ಕುಂಟೆಬಿಲ್ಲೆಗೆ ಗೆರೆ ಎಳೆಯುವಷ್ಟರಲ್ಲಿ ಅವ್ವ ಕೂಗುತ್ತಿದ್ದಳು. ಕೈಗೆಲ್ಲ ಕರಿ ಅಂಟು. ಹುಣಸೆಹಣ್ಣು ಹಾಕಿ ತಿಕ್ಕಿದರೂ ಬಿಡದು. ಮುದ್ದೆ ಮುರಿದರೆ ಮುದ್ದೆ ಕಹಿ, ಬೆಲ್ಲ ತಿಂದರೆ ಬೆಲ್ಲವೂ ಕಹಿ. ಬ್ಯಾರನ್ನಿನಿಂದ ಬರುವ ಬಿಸಿ ವಾಸನೆ ಮಾತ್ರ ಜೇನಿನ ಹಾಗಿರುತ್ತಿತ್ತು.

ನಾನು ಎಲೆ ಕೊಡುತ್ತಿದ್ದದ್ದು ಬೆಟ್ಟದಪುರದಕ್ಕನಿಗೆ. ಬೆಟ್ಟದಪುರದಿಂದ ಸೊಸೆಯಾಗಿ ಬಂದವಳು, ಗಂಡ ಸತ್ತ ಮೇಲೆ ಕೂಲಿಗೆ ಇಳಿದಿದ್ದಳು. ನಮ್ಮ ಕಡೆ ಸೊಸೆಯರನ್ನು ತವರೂರಿನ ಮೇಲೇ ಕೂಗುವುದು. ದೊಡ್ಡವರಿಗೆ ಅವಳು ಬೆಟ್ಟದಪುರದೋಳು, ಮಕ್ಕಳಿಗೆ ಬೆಟ್ಟದಪುರದಕ್ಕ. ಅವಳ ಸ್ವಂತ ಹೆಸರನ್ನು ಬಾಯಲ್ಲಿ ಆಡುತ್ತಿದ್ದವಳು ಅವಳೊಬ್ಬಳೇ, ಅದೂ ಹಾಡಿನೊಳಗೆ.

ಬೇರೆ ಹೆಂಗಸರು ಕೇಳಿ ಕಲಿತ ಪದ ಹೇಳುತ್ತಿದ್ದರು. ಅವಳು ಕೂತಲ್ಲೇ ತಾನೇ ಮಾಡುತ್ತಿದ್ದಳು. ಕುಂಟುವ ಎತ್ತಿನ ಮೇಲೆ ಒಂದು, ನಮ್ಮವ್ವನ ಗೊರಕೆಯ ಮೇಲೆ ಒಂದು. ನನಗೆ ಬಾಯಿಗೆ ಬಂದದ್ದು ಸೊಪ್ಪಿನ ಮೇಲಿನದು. ಹಸಿರಾಗಿ ಬಂದು ಬೆಂದು ಹಳದಿಯಾಗಿ ಹೊರಡುವ ಎಲೆಯನ್ನು ಮಗಳೆಂದು ಕರೆದು ಕೇಳುವ ಪದ:

ಅಸುರಾಗಿ ಬಂದ್ಯಲ್ಲೆ, ಅಳದ್ಯಾಗಿ ಒಂಟ್ಯಲ್ಲೆ,
ಯಾರ ಬೆಂಕೀಲಿ ಬೆಂದ್ಯವ್ವ.

ಯಾವ ಪದವಾದರೂ ಕೊನೆಗೊಂದು ಸಾಲು ಇದ್ದೇ ಇರುತ್ತಿತ್ತು, ಕಡ್ಡಿ ಕಟ್ಟುವ ಇಂಥವಳು ಹೇಳಿದ ಪದ ಇದು ಅಂತ. ಹೆಂಗಸರು ರೇಗಿಸುತ್ತಿದ್ದರು. ಪದಕ್ಕೂ ಹೆಸರು ಹಾಕುತ್ತೀಯಲ್ಲೆ, ಯಾರು ಕದ್ದುಕೊಂಡು ಹೋಗುತ್ತಾರೆ ಅಂತ.

"ನೀವು ಚೊಂಬಿನ ಮ್ಯಾಲೆ ಎಸ್ರು ಆಕುಸ್ಕೊಳಲ್ವಾ?" ಅನ್ನುತ್ತಿದ್ದಳು. "ನಂಗೆ ಚೊಂಬಿಲ್ಲ ಕಣವ್ವ. ಪದ ಅದೆ."

ಆ ವರ್ಷ ಸ್ಕೂಲಿಗೆ ಹೊಸ ಟೀಚರು ಬಂದಿದ್ದರು. ಗೋಡೆ ಪತ್ರಿಕೆ ಮಾಡೋಣ, ಎಲ್ಲರೂ ಸ್ವಂತದ್ದು ಏನಾದರೂ ತನ್ನಿ ಅಂದರು. ನನಗೆ ಸ್ವಂತದ್ದು ಏನೂ ಬರುತ್ತಿರಲಿಲ್ಲ. ಎದ್ದು ನಿಂತು ಸೊಪ್ಪಿನ ಪದ ಹೇಳಿದೆ. ಕೊನೆಯ ಸಾಲಿನಲ್ಲಿ ಅವಳ ಹೆಸರು ತೆಗೆದು ಜಯಮ್ಮ ಅಂತ ಹಾಕಿದೆ. ಅವಳದು ಉದ್ದದ ಹೆಸರು, ನನ್ನದು ಮೋಟು. ರಾಗ ತುಂಬಿಸಲು 'ಮ್ಮ'ವನ್ನು ಎಳೆಯಬೇಕಾಯಿತು. ಟೀಚರು ಎರಡು ಸಲ ಹೇಳಿಸಿದರು. ದೊಡ್ಡ ಹಾಳೆಯಲ್ಲಿ ಬರೆದು, ಕೆಳಗೆ ನನ್ನ ಹೆಸರು ಹಾಕಿ, ಸುತ್ತ ಬಳ್ಳಿ ಬಿಡಿಸಿ ಗೋಡೆಗೆ ಅಂಟಿಸಿದರು. ನನ್ನ ಹೆಸರನ್ನು ಅಷ್ಟು ದೊಡ್ಡದಾಗಿ ನಾನು ಆಮೇಲೆ ಎಲ್ಲೂ ನೋಡಿಲ್ಲ.

ಸುದ್ದಿ ಅವ್ವನಿಗೆ ಮುಟ್ಟಿತು. ಅವಳಿಗೆ ಹಾಡಿನ ಕಡೆ ಕಿವಿ ಇರಲಿಲ್ಲ, ಕಡ್ಡಿ ಎಣಿಸುವುದೇ ಅವಳ ಕೆಲಸ. ಚಪ್ಪರದಡಿ ಎಲ್ಲರ ಮುಂದೆ, ನಮ್ಮ ಜಯಿ ಪದ ಮಾಡಿದ್ದಾಳೆ ಅಂತ ಹೇಳಿ ಹಾಡು ಅಂದಳು. ನನ್ನ ಕೈಯಲ್ಲಿ ಬೆಟ್ಟದಪುರದಕ್ಕನಿಗೆ ಕೊಡಬೇಕಾದ ಎಲೆ ಇತ್ತು. ಅವಳ ಹೆಸರನ್ನು ಅದರ ಜಾಗಕ್ಕೆ ವಾಪಸ್ಸು ಇಡಲು ಅದೊಂದು ಗಳಿಗೆ ಇತ್ತು. ಇಡಲಿಲ್ಲ. ಜಯಮ್ಮ ಅಂತ ಎಳೆದೇ ಮುಗಿಸಿದೆ.

ಅವಳ ಕೈ ನಿಲ್ಲಲಿಲ್ಲ. ಕಟ್ಟುತ್ತಲೇ ಕೇಳಿದಳು. "ಪದ ಏಳ್ಕೊ ಮಗ, ಬ್ಯಾಡ ಅನ್ನಲ್ಲ. ಎಸ್ರ ಯಾಕ್ ತಗ್ದೆ?"

ಅವ್ವ ನನ್ನ ಮುಖ ನೋಡಿದಳು. "ಅದು ನಂದೇ" ಅಂದೆ.

"ಮಗ ಕಟ್ಟಿದ್ ಪದಕ್ಕೂ ಆಸೆ ಪಡ್ತೀಯಲ್ಲೆ" ಅಂದಳು ಅವ್ವ ಅವಳಿಗೆ.

ಆ ಪದವನ್ನು ನೂರು ಸಲ ಕೇಳಿದ್ದ ಹೆಂಗಸರು ಅಲ್ಲಿ ಏಳೆಂಟು ಜನ ಇದ್ದರು. ಎಲ್ಲರೂ ತಮ್ಮ ತಮ್ಮ ಕಡ್ಡಿ ನೋಡಿಕೊಂಡರು. ಕೆಲಸ ಕೊಡುವವರು ನಾವಲ್ಲವೇ.

ಅವಳು ಕೆಲಸ ಬಿಟ್ಟು ಹೋಗಿದ್ದರೆ ಚೆನ್ನಾಗಿತ್ತು. ಮಾರನೇ ದಿನವೂ ಬಂದಳು. ಸೊಪ್ಪು ಮುಗಿಯುವವರೆಗೆ ದಿನವೂ ಬಂದಳು. ನಾನು ಎಲೆ ಕೊಟ್ಟೆ, ಅವಳು ಇಸಿದುಕೊಂಡಳು. ಹಾಡಲಿಲ್ಲ. ಮುಂದಿನ ವರ್ಷ ಕೊಡಗಿನ ಕಾಫಿ ತೋಟಕ್ಕೆ ಹೋದಳು ಅಂದರು. ತಿರುಗಿ ಬರಲಿಲ್ಲ.

ನಾನು ಮಾತ್ರ ಹಾಡಿದೆ. ಮದುವೆ ಮನೆಗಳಲ್ಲಿ, ಮಕ್ಕಳ ತೊಟ್ಟಿಲ ಪಕ್ಕದಲ್ಲಿ. ಜಯಮ್ಮನ ಪದ ಅಂತಲೇ ಅದಕ್ಕೆ ಹೆಸರಾಯಿತು.

ಇಷ್ಟನ್ನೂ ಸಿಂಚನಳಿಗೆ ಹೇಳಿದೆ. ಮೊಬೈಲು ಕೈಗೆತ್ತಿಕೊಂಡು ಅಂದಳು. "ಸರಿ. ಅವ್ರ್ ಹೆಸ್ರು ಹೇಳಜ್ಜಿ, ಅದ್ನೇ ಹಾಕ್ಸಾಣ."

ಬಾಯಿ ತೆರೆದೆ. ಹೆಸರು ಇರಲಿಲ್ಲ.

ಮೊದಲಿಂದ ಹಾಡಿದರೆ ನಾಲಿಗೆ ತಾನೇ ಹೋದೀತು ಅಂತ ಹಾಡಿ ನೋಡಿದೆ. ಪ್ರತಿ ಸಲವೂ ಜಯಮ್ಮ ಅಂತಲೇ ಬಂತು. ಅವಳ ಗಂಡನ ಮನೆಯವರು ಯಾರೂ ಊರಿನಲ್ಲಿ ಉಳಿದಿಲ್ಲ. ಇರುವ ಮುದುಕಿಯರನ್ನು ಕೇಳಿದೆ. ಬೆಟ್ಟದಪುರದೋಳು ಅಂತಲ್ಲವಾ ಅಂದರು. ಸಿಂಚನಳ ಜೊತೆ ಬಸ್ಸು ಹತ್ತಿ ಬೆಟ್ಟದಪುರಕ್ಕೂ ಹೋದೆ. ಜಗುಲಿಯ ಮೇಲೆ ಕೂತಿದ್ದ ಒಬ್ಬ ಮುದುಕಪ್ಪನಿಗೆ ಎಲ್ಲ ವಿವರಿಸಿ, ನಮ್ಮೂರಿಗೆ ಕೊಟ್ಟಿದ್ದ ಬೆಟ್ಟದಪುರದೋಳು ಅಂದೆ.

"ಇಲ್ಲಿರೋರೆಲ್ಲ ಬೆಟ್ಟದಪುರದೋರೆ ಕಣಮ್ಮ" ಅಂದ ಅವನು. "ಎಸ್ರು ಏಳು, ಯಾರು ಅಂತ ಏಳ್ತೀನಿ."

ಮಾಡಿದವರು ಗೊತ್ತಿಲ್ಲ, ಜನಪದ ಅಂತ ಬರೆಸಲಾ ಅಂದಳು ಸಿಂಚನ, ಬಸ್ಸಿನಲ್ಲಿ ವಾಪಸ್ಸು ಬರುವಾಗ. ಬೇಡ ಅಂದೆ. ಅದು ಎರಡನೇ ಸುಳ್ಳಾಗುತ್ತದೆ. ಆ ಹುಡುಗಿ ಇನ್ನೂ ಕಾಯುತ್ತಿದ್ದಾಳೆ. ಹಾಡು ಹಾಕಿಲ್ಲ.

ನಮ್ಮ ಬ್ಯಾರನ್ನಿನ ಗೋಡೆ ಬಿದ್ದಿದೆ, ಆ ಚಪ್ಪರದ ಹೆಂಗಸರಲ್ಲಿ ಯಾರೂ ಇಲ್ಲ. ಅವು ಹೋಗುವಂಥವೇ, ಹೋದವು. ಒಂದು ಹೆಸರು ಮಾತ್ರ ತಾನಾಗಿ ಹೋದದ್ದಲ್ಲ. ಒಂದೇ ಒಂದು ಜಾಗದಲ್ಲಿ ಅದು ಇತ್ತು, ಅಲ್ಲಿಂದ ನಾನು ತೆಗೆದೆ. ಎಷ್ಟುದ್ದ ಇತ್ತು ಅನ್ನುವುದು ಈಗಲೂ ಗೊತ್ತು. 'ಮ್ಮ'ವನ್ನು ಎಳೆದು ಜಯಮ್ಮ ಅನ್ನಲು ಎಷ್ಟು ಹೊತ್ತು ಹಿಡಿಯುತ್ತಿತ್ತೋ ಅಷ್ಟು. ಈಗ ಹಾಡುವಾಗ ಅಲ್ಲಿಗೆ ಬಂದರೆ ಬಾಯಿ ಮುಚ್ಚುತ್ತೇನೆ, ಅಷ್ಟು ಹೊತ್ತು ಸುಮ್ಮನಿರುತ್ತೇನೆ.